ಹತ್ತದ ದೀಪ

“ಆರಿತು,” ಅಂತ ಸೂಪರ್‌ವೈಸರ್ ಮಹಡಿಯಿಂದ ಕೂಗಿದ.

ಕೆಳಗೆ ಮರದ ಸ್ಟೂಲಿನ ಮೇಲೆ ನಿಂತಿದ್ದ ಟೆಸ್ಟರಮ್ಮ, ಗೋಡೆಯ ಡಬ್ಬಿಯಿಂದ ಹೊರಗೆಳೆದ ಎರಡು ತಂತಿಗಳ ತುದಿಯನ್ನು ರಬ್ಬರ್ ಗವಸಿನ ಕೈಯಲ್ಲಿ ಹಿಡಿದಿದ್ದರು. ಎರಡನ್ನೂ ಮತ್ತೆ ತಾಗಿಸಿದರು.

“ಹಾಂ, ಹತ್ತಿತು.”

ಬಿಡಿಸಿದರು.

“ಮತ್ತೆ ಆರಿತು. ಏನ್ ಮೇಡಂ, ದೀಪದ ಜೊತೆ ಕಣ್ಣಾಮುಚ್ಚಾಲೆ ಆಡ್ತಿದ್ದೀರಾ?”

ಸ್ಟೂಲು ಅಲ್ಲಾಡದಂತೆ ಹಿಡಿದು ನಿಂತಿದ್ದ ಮೇಸ್ತ್ರಿ ನಗಲಿಲ್ಲ. ಅವನ ಅಂಗೈ ಬೆವರಿ ಮರಕ್ಕೆ ಅಂಟಿಕೊಂಡಿತ್ತು. ಯಾರ ಬಾಯಿಂದ ಈ ಮಾತು ಬಂದೀತೋ ಎಂದು ಆರು ದಿನದಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡಿದ್ದ. ಕೊನೆಗೆ ಅದು ಬಂದದ್ದು, ತಾನು ಏನು ಹೇಳುತ್ತಿದ್ದೇನೆಂದು ತನಗೇ ತಿಳಿಯದೆ ಮಹಡಿಯಲ್ಲಿ ನಿಂತು ಕೂಗುತ್ತಿದ್ದ ಸೂಪರ್‌ವೈಸರನ ಬಾಯಿಂದ.

“ಮೇಸ್ತ್ರಿ,” ಟೆಸ್ಟರಮ್ಮ ತಿರುಗಿ ನೋಡದೆ ಕೇಳಿದರು, “ಈ ಡಬ್ಬಿ ಮೂರನೇ ನಂಬರಿನ ಲೈನಿಂದು ತಾನೆ?”

“ಹೌದು ಮೇಡಂ.”

“ಮಹಡಿ ಕೋಣೆ ದೀಪ?”

“ಐದನೇ ನಂಬರು.”

“ಮೂರನೇ ನಂಬರಿನ ಡಬ್ಬೀಲಿ ತಂತಿ ಬಿಡಿಸಿದ್ರೆ ಐದನೇ ನಂಬರಿನ ದೀಪ ಯಾಕೆ ಆರುತ್ತೆ?”

ಮೇಸ್ತ್ರಿ ಸ್ಟೂಲನ್ನು ಇನ್ನೂ ಬಿಗಿಯಾಗಿ ಹಿಡಿದ.

ಬಟ್ಟೆ ಒಗೆಯುವ ಈ ಕಾರ್ಖಾನೆಯ ಇದೇ ಒದ್ದೆ ಪ್ಯಾಸೇಜಿನಲ್ಲಿ, ಇದೇ ಡಬ್ಬಿಯ ಕೆಳಗೆ, ಆರು ದಿನದ ಹಿಂದೆ ಅವನ ಭಾಮೈದ ಕರೆಂಟ್ ಹೊಡೆದು ಏಣಿಯಿಂದ ಬಿದ್ದು ಸತ್ತಿದ್ದ. ಮೂರನೇ ನಂಬರಿನ ಫ್ಯೂಸು ಸತ್ತವನ ಜೇಬಿನಲ್ಲೇ ಇತ್ತು.

ಆ ಫ್ಯೂಸು ಜೇಬಿನಲ್ಲಿದ್ದದ್ದು ಆಕಸ್ಮಿಕವಲ್ಲ. ಅದು ಮೇಸ್ತ್ರಿ ಕಲಿಸಿದ ಪಾಠ. ಲೈನಿಗೆ ಕೈ ಹಾಕುವವನು ಫ್ಯೂಸನ್ನು ತಾನೇ ಕೀಳಬೇಕು, ಕಿತ್ತದ್ದನ್ನು ತನ್ನ ಜೇಬಿಗೇ ಹಾಕಿಕೊಳ್ಳಬೇಕು. ಬೋರ್ಡಿನ ಮೇಲೆ ಬಿಟ್ಟರೆ ಯಾವನೋ ಪುಣ್ಯಾತ್ಮ ಬಂದು ‘ಅಯ್ಯೋ, ಫ್ಯೂಸ್ ಬಿದ್ದಿದೆಯಲ್ಲ’ ಎಂದು ಸಿಕ್ಕಿಸಿಬಿಡುತ್ತಾನೆ. ಜೇಬಿನಲ್ಲಿದ್ದರೆ ಲೈನು ತುಂಡಾಗಿಯೇ ಇರುತ್ತದೆ, ಜೀವ ಜೇಬಿನಲ್ಲೇ ಇರುತ್ತದೆ. ಭಾಮೈದ ಹನ್ನೆರಡು ವರ್ಷ ಒಂದು ದಿನವೂ ಈ ಪಾಠ ಮರೆತವನಲ್ಲ. ಸಾಯುವ ದಿನವೂ ಮರೆತಿರಲಿಲ್ಲ.

ಹಾಗಿದ್ದ ಮೇಲೆ ಕರೆಂಟು ಎಲ್ಲಿಂದ ಬಂತು? ಪೊಲೀಸರು ಒಂದೇ ದಿನದಲ್ಲಿ ಉತ್ತರ ಹುಡುಕಿಕೊಂಡಿದ್ದರು. ಒಗೆಯುವ ಡ್ರಮ್ಮು ನಡೆಸುವ ದುಂಡ ಹಿಂದಿನ ದಿನ ಸತ್ತವನ ಜೊತೆ ಜಗಳವಾಡಿದ್ದ. ಬೋರ್ಡಿನ ಕೆಳಗೆ ಒಂದು ಗೇಣು ತಾಮ್ರದ ತಂತಿ ಬಿದ್ದಿತ್ತು. ದುಂಡ ಆ ತಂತಿಯನ್ನು ಫ್ಯೂಸಿನ ಜಾಗಕ್ಕೆ ಸಿಕ್ಕಿಸಿ ಲೈನು ಚಾಲೂ ಮಾಡಿ, ಆಮೇಲೆ ಕಿತ್ತೆಸೆದ ಎಂದು ಬರೆದುಕೊಂಡರು. ಅವನು ಬೋರ್ಡಿನ ಹತ್ತಿರ ನಿಂತಿದ್ದನ್ನು ಕಣ್ಣಾರೆ ಕಂಡೆ ಎಂದು ಸಾಕ್ಷಿ ಹೇಳಿದವನು ಈ ಸೂಪರ್‌ವೈಸರೇ. ನಾಳೆ ಬೆಳಿಗ್ಗೆ ದುಂಡನನ್ನು ಕೋರ್ಟಿಗೆ ಕರೆದೊಯ್ಯುವವರಿದ್ದರು.

ದುಂಡ ಅಂಥದ್ದು ಮಾಡಿಲ್ಲವೆಂದು ಈ ಭೂಮಿಯ ಮೇಲೆ ಖಚಿತವಾಗಿ ಗೊತ್ತಿದ್ದವನು ಮೇಸ್ತ್ರಿ ಒಬ್ಬನೇ. ಆರು ದಿನ ಅವನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಟೆಸ್ಟರಮ್ಮ ಸ್ಟೂಲಿನಿಂದ ಇಳಿದರು. ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರ್ ಆಗುವ ಮೊದಲು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಚೀಲದ ಪಟ್ಟಿಗೆ ಯಾವಾಗಲೂ, ತಂತಿಯಲ್ಲಿ ಕರೆಂಟಿದ್ದರೆ ಮಿಣುಕುವ ಒಂದು ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಾರೆಂದು ವೈರ್‌ಮನ್‌ಗಳೆಲ್ಲ ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು; ಎದುರಿಗೆ ಬಂದರೆ ಎಲ್ಲರಿಗೂ ಮೇಡಂ.

“ಬೋರ್ಡಲ್ಲಿ ಮೂರನೇ ನಂಬರಿನ ಫ್ಯೂಸ್ ಕೂರೋ ಜಾಗ ನೋಡಿದೆ,” ಅವರು ಗವಸು ಕಳಚುತ್ತ ಅಂದರು. “ಅಲ್ಲಿ ಒಂದು ಗೀರಿಲ್ಲ, ಕಿಡಿ ಹಾರಿದ ಕಪ್ಪಿಲ್ಲ. ಪಿಂಗಾಣಿ ಸಂದಿಯ ಧೂಳು ಧೂಳಾಗೇ ಇದೆ. ಅಲ್ಲಿಗೆ ಯಾರೂ ತಂತಿ ಸಿಕ್ಕಿಸಿಲ್ಲ. ದುಂಡ ಅಲ್ಲ ಮೇಸ್ತ್ರಿ. ಕರೆಂಟು ಬೋರ್ಡಿನ ಕಡೆಯಿಂದ ಬರಲೇ ಇಲ್ಲ. ಬೇರೆ ದಾರೀಲಿ ಬಂತು. ಆ ದಾರಿ ಮಾಡಿದವರು ಯಾರು ಅಂತ ನಾನು ಹೇಳಲೋ, ನೀವೇ ಹೇಳ್ತೀರೋ?”

ಪ್ಯಾಸೇಜಿನ ಕೊನೆಯಲ್ಲಿ, ಅವತ್ತು ಒಣಗಲು ಹಾಕಿದ ಬಿಳಿ ಚಾದರಗಳು ಇನ್ನೂ ಹಾಗೆಯೇ ಜೋತಾಡುತ್ತಿದ್ದವು. ಯಾರಿಗೂ ತೆಗೆಯುವ ಮನಸ್ಸಾಗಿರಲಿಲ್ಲ. ಮೇಸ್ತ್ರಿ ಅವುಗಳನ್ನೇ ನೋಡುತ್ತ ನಿಂತ.

“ನಾನೇ ಮೇಡಂ,” ಅಂದ.

ಆರು ದಿನ ಗಂಟಲಿನಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿದ್ದ ಮಾತು ಇಷ್ಟು ಸಲೀಸಾಗಿ ಹೊರಬಿತ್ತಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಇಷ್ಟೇ ಸಲೀಸಾಗಿ ಆರು ದಿನದ ಹಿಂದೆ, ಭಾಮೈದ ಏಣಿ ಹತ್ತುವ ಮೊದಲೇ ಹೇಳಬಹುದಿತ್ತು.

“ಎಂಟು ವರ್ಷ ಆಯ್ತು. ಮಹಡಿ ದೀಪದ ವಾಪಸ್ ತಂತಿ ಗೋಡೆ ಒಳಗೇ ಎಲ್ಲೋ ತುಂಡಾಗಿತ್ತು. ಹೊಸದು ಎಳೀಬೇಕಂದ್ರೆ ಗೋಡೆ ಒಡೀಬೇಕು. ಸಂಜೆ ಒಳಗೆ ದೀಪ ಬೇಕು ಅಂತ ಮೇಲಿನವರು ಹಟ ಹಿಡಿದು ಕೂತಿದ್ರು. ಮೂರನೇ ನಂಬರಿನ ಡಬ್ಬಿ ಇಲ್ಲೇ ಕೈಗೆ ಎಟಕೋ ಹಾಗೆ ಇತ್ತು. ಅದರ ವಾಪಸ್ ತಂತಿಗೆ ಮಹಡಿ ದೀಪದ್ದನ್ನೂ ಕಟ್ಟಿಬಿಟ್ಟೆ.”

“ಎರವಲು ನ್ಯೂಟ್ರಲ್,” ಅಂದರು ಟೆಸ್ಟರಮ್ಮ.

“ಹೌದು ಮೇಡಂ.”

ಅಷ್ಟರಲ್ಲಿ ಸೂಪರ್‌ವೈಸರ್ ಮೆಟ್ಟಿಲಿಳಿದು ಬಂದಿದ್ದ. ಇವನು ಬಿದ್ದ ಗುಂಡುಸೂಜಿಯನ್ನೂ ಬಿಡದೆ ಎತ್ತಿ ಕಾಲರಿಗೆ ಚುಚ್ಚಿಕೊಳ್ಳುವ ಆಸಾಮಿ. ಹರಿದ ಚಾದರದ ಅಂಚೇ ಇವನ ಕರವಸ್ತ್ರ, ಮುರಿದ ಬಾಚಣಿಗೆಯೇ ಇವನ ಬಾಚಣಿಗೆ. ಕನ್ನಡಕದ ಕಿವಿಕಡ್ಡಿ ಮುರಿದರೂ ಹೊಸದು ಹಾಕಿಸದೆ ಕರಿ ಟೇಪು ಸುತ್ತಿಕೊಂಡು, ಅದು ಜಾರದಂತೆ ತಲೆಯನ್ನು ಒಂದು ಕಡೆ ವಾಲಿಸಿಕೊಂಡೇ ಓಡಾಡುತ್ತಿದ್ದ.

“ಏನು ಮೇಡಂ ಅದು, ಎರವಲು ಅಂದ್ರೆ? ನನಗೂ ಸ್ವಲ್ಪ ತಿಳಿಯೋ ಹಾಗೆ ಹೇಳಿ,” ಅಂದ.

“ಕರೆಂಟು ಹೋದರೆ ಸಾಲದು, ವಾಪಸ್ ಬರಬೇಕು,” ಅಂದರು ಟೆಸ್ಟರಮ್ಮ. ಒಮ್ಮೆ ಮೇಷ್ಟ್ರಾದವರಿಗೆ ಯಾರಾದರೂ ತಿಳಿಯಲಿಲ್ಲ ಎಂದರೆ ಸುಮ್ಮನಿರಲು ಆಗುವುದಿಲ್ಲ. “ಒಂದು ತಂತಿಯಲ್ಲಿ ಹೋಗಿ, ಬಲ್ಬಿನೊಳಗೆ ಹಾದು, ಇನ್ನೊಂದು ತಂತಿಯಲ್ಲಿ ಮರಳಿದರೇ ಸುತ್ತು ಪೂರ್ತಿ. ಶಾಲೇಲಿ ಮುಚ್ಚಿದ ಮಂಡಲ ಅಂತ ಹೇಳಿಕೊಡ್ತಿದ್ದೆ. ಎಲ್ಲಾದರೂ ಒಂದು ಕಡೆ ತುಂಡಾಯ್ತು ಅನ್ನಿ, ಅದು ತೆರೆದ ಮಂಡಲ. ಮಕ್ಕಳು ಯಾವಾಗಲೂ ತಲೆ ಕೆರ್ಕೊಳ್ಳೋರು. ಬಾಗಿಲು ತೆರೆದಿದ್ರೆ ಜನ ಓಡಾಡ್ತಾರೆ, ಕರೆಂಟು ಮಾತ್ರ ತೆರೆದಿದ್ರೆ ನಿಂತುಬಿಡುತ್ತೆ, ಮುಚ್ಚಿದ್ರೆ ಓಡುತ್ತೆ, ಇದೇನು ಮೇಡಂ ಉಲ್ಟಾ ಅಂತ.”

“ಹಂಗಾದ್ರೆ ಅವತ್ತು ಫ್ಯೂಸ್ ಕಿತ್ತಿತ್ತಲ್ಲ, ತೆರೆದೇ ಇತ್ತಲ್ಲ?”

“ಮೂರನೇದು ತೆರೆದಿತ್ತು. ಐದನೇದಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಪಾಪ, ಅವನು ಡಬ್ಬಿ ಬಿಚ್ಚಿ, ಟೆಸ್ಟರ್ ಇಟ್ಟು ನೋಡಿರ್ತಾನೆ. ಮಹಡಿ ದೀಪದ ಸ್ವಿಚ್ಚು ಆಗ ಆರಿತ್ತು. ಟೆಸ್ಟರ್ ಮಿಣುಕಲಿಲ್ಲ. ನಂಬಿ ಗಂಟು ಬಿಡಿಸಿದ. ಮಹಡಿಯಿಂದ ಬಂದ ತಂತಿ ತುದಿ ಅವನ ಕೈಯಲ್ಲಿತ್ತು. ಕಬ್ಬಿಣದ ಏಣಿ, ಕೆಳಗೆ ಒದ್ದೆ ನೆಲ. ಆ ಗಳಿಗೆಗೆ ಮೇಲೆ ಯಾರೋ ಸ್ವಿಚ್ ಹಾಕಿದರು. ಕರೆಂಟು ಬಲ್ಬಿಗೆ ಬಂತು, ಬಲ್ಬು ದಾಟಿ ಈ ತಂತಿಗೆ ಬಂತು, ಮುಂದೆ ದಾರಿ ಇಲ್ಲ. ದಾರಿ ಇದ್ದದ್ದು ಒಂದೇ.”

  ಆ ಒಂದೇ ದಾರಿಗೆ ಮೂವತ್ತೊಂದು ವರ್ಷ ವಯಸ್ಸಾಗಿತ್ತು, ಅಕ್ಕನ ಮಕ್ಕಳನ್ನು ಭುಜದ ಮೇಲೆ ಕೂರಿಸಿಕೊಂಡು ಕುಣಿಸುವ ಚಟವಿತ್ತು, ಭಾವ ಎಂದು ಕರೆಯುವ ಬಾಯಿತ್ತು. ಸುತ್ತು ಪೂರ್ತಿ ಮಾಡಿದವನು ಅವನು. ತುಂಡು ಮಾಡಿಟ್ಟವನು ತಾನು ಎಂದು ಮೇಸ್ತ್ರಿಗೆ ಅನ್ನಿಸಿತು.

“ಅವನಿಗೆ ಈ ಎರವಲಿನ ವಿಷಯ ಹೇಳಿದ್ದಿರಾ?” ಟೆಸ್ಟರಮ್ಮ ಕೇಳಿದರು.

“ಇಲ್ಲ.”

“ಯಾಕೆ?”

ಇದಕ್ಕೆ ಉತ್ತರ ಕೊಡುವುದು ಮೊದಲಿನದಕ್ಕಿಂತ ಕಷ್ಟವಾಗಿತ್ತು. ಎರವಲು ತಂತಿ ಎಳೆದದ್ದು ಅವಸರದ ತಪ್ಪು. ಹೇಳದೆ ಹೋದದ್ದು ಮರ್ಯಾದೆಯ ತಪ್ಪು.

“ಅವನು ಕೆಲಸ ಕಲೀತಿದ್ದ ಕಾಲದಲ್ಲಿ ಒಂದು ಮನೇಲಿ ಇದೇ ಕೆಲಸ ಮಾಡಿದ್ದ, ಮೇಡಂ. ಇದೇ ಎರವಲು. ಮನೆ ಮಂದಿ ಎಲ್ಲರ ಎದುರಿಗೆ ಬೈದೆ. ಇಡೀ ದಿನದ ಕೆಲಸ ಬಿಚ್ಚಿಸಿ, ಮೊದಲಿಂದ ಮಾಡಿಸಿದೆ. ಇಂಥ ಕಳ್ಳ ಕೆಲಸ ಮಾಡೋನು ಇನ್ನೊಬ್ಬನ ಕುತ್ತಿಗೆಗೆ ಹಗ್ಗ ಕಟ್ಟಿಟ್ಟು ಹೋಗ್ತಾನೆ ಅಂತ ಅಂದಿದ್ದೆ. ಅವನು ಆ ಮಾತನ್ನ ಬಂದವರಿಗೆಲ್ಲ ಹೇಳ್ಕೊಂಡು ತಿರುಗೋನು, ನಮ್ಮ ಭಾವ ಹಿಂಗೆ ಅಂತ. ಅಂಥವನ ಮುಂದೆ ನಿಂತು, ಅದೇ ಕೆಲಸ ನಾನೂ ಮಾಡಿದೀನಪ್ಪ ಅಂತ ಯಾವ ಬಾಯಲ್ಲಿ ಹೇಳಲಿ?”

“ಅದಕ್ಕೆ ಸುಮ್ಮನಿದ್ದಿರಿ.”

“ಪೂರ್ತಿ ಸುಮ್ಮನಿರಲಿಲ್ಲ. ಅವನು ಫ್ಯೂಸ್ ಕಿತ್ತು ಏಣಿ ಹತ್ತಿದ. ಡಬ್ಬಿ ತಿರುಪು ಬಿಚ್ಚೋಕೆ ಶುರು ಮಾಡಿದ. ನಾನು ಮಹಡಿಗೆ ಹೋಗಿ ದೀಪದ ಸ್ವಿಚ್ಚು ಆರಿದೆಯಾ ನೋಡಿ, ಅದರ ಮೇಲೆ ಟೇಪ್ ಹಾಕಿದೆ. ಅಡ್ಡ ಒಂದು, ಉದ್ದ ಒಂದು. ಯಾರೂ ಒತ್ತದ ಹಾಗೆ.”

“ಐದನೇ ಫ್ಯೂಸನ್ನೇ ಕಿತ್ತಿದ್ರೆ ಆಗ್ತಿತ್ತಲ್ಲ?”

“ಕಿತ್ತಿದ್ರೆ ಅವನು ಕೇಳೋನು. ಐದು ಯಾಕೆ ಭಾವ, ಅಂತ.”

 ನಿಂತುಹೋದ ಡ್ರಮ್ಮೊಂದರಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಸ್ತ್ರಿ ಜೇಬಿನಿಂದ ಟೇಪಿನ ಸುರುಳಿ ತೆಗೆದು ತೋರಿಸಿದ. ಸುರುಳಿಯ ಒಂದು ಮಗ್ಗುಲಿಗೆ ಹಳದಿ ಬಣ್ಣ ಬಳಿದಿತ್ತು. ಕೆಲಸದ ಜಾಗದಲ್ಲಿ ಟೇಪಿಗೆ ಕಾಲು ಬರುತ್ತದೆ. ಸುರುಳಿ ಕೊಂಡ ದಿನವೇ ಮಗ್ಗುಲಿಗೆ ಬಣ್ಣ ಬಳಿದಿಟ್ಟರೆ, ಎಷ್ಟು ತುಂಡು ಹರಿದರೂ ಪ್ರತಿ ತುಂಡಿನ ಅಂಚಿಗೂ ಕೂದಲೆಳೆಯಷ್ಟು ಹಳದಿ ಉಳಿಯುತ್ತದೆ. ಈ ಗುಟ್ಟು ಭಾಮೈದನಿಗೆ ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ‘ಭಾವ, ಟೇಪಿಗೂ ಅಂಚು ಹೊಲಿಸಿದೀರಲ್ಲ’ ಎಂದು ಅವನು ರೇಗಿಸುತ್ತಿದ್ದ.

“ಸರಿ,” ಟೆಸ್ಟರಮ್ಮ ಸುರುಳಿಯನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು. “ಟೇಪ್ ಹಾಕಿದಿರಿ. ಆದರೂ ಸ್ವಿಚ್ಚು ಬಿತ್ತು. ಟೇಪ್ ಕಿತ್ತು, ಸ್ವಿಚ್ ಹಾಕಿದವರು ಯಾರು?”

ಈ ಪ್ರಶ್ನೆ ಬರುತ್ತದೆಂದು ಮೇಸ್ತ್ರಿಗೆ ಗೊತ್ತಿತ್ತು. ನಿದ್ದೆಯಿಲ್ಲದ ಆರು ರಾತ್ರಿ ಅವನು ಸುತ್ತಿ ಸುತ್ತಿ ಬಂದು ನಿಂತದ್ದು ಇದೇ ಪ್ರಶ್ನೆಯ ಮುಂದೆ. ಮಹಡಿಯ ಆ ಕೋಣೆಯಲ್ಲಿ ಹರಿದ ಚಾದರಗಳಿಗೆ ತೇಪೆ ಹಾಕುವುದು ಒಬ್ಬಳೇ. ಕಿಟಕಿಗೆ ಅಡ್ಡ ಬಟ್ಟೆ ಗಂಟುಗಳ ರಾಶಿ, ಹಗಲಲ್ಲೂ ದೀಪ ಬೇಕು. ಪ್ರತಿದಿನ ಹನ್ನೊಂದಕ್ಕೆ ಬಂದು ಸ್ವಿಚ್ ಹಾಕುವ ಕೈ ಒಂದೇ. ಅದು ಅವನ ಹೆಂಡತಿಯ ಕೈ. ಸತ್ತವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನ ಕೈ.

ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಎರವಲಿನ ಮಾತು ಎತ್ತಿದರೆ, ಎರಡೇ ಹೆಜ್ಜೆಗೆ ಅವಳ ಬೆರಳಿನ ಮಾತು ಬರುತ್ತದೆ. ಅದಕ್ಕೇ ಅವನು ದುಂಡನನ್ನು ಲಾಕಪ್ಪಿನಲ್ಲಿ ಕೊಳೆಯಲು ಬಿಟ್ಟಿದ್ದ. ಇವತ್ತು ದುಂಡನನ್ನು ಬಿಡಿಸಬೇಕಾದರೆ ಇನ್ನೊಂದು ಸುಳ್ಳು ಬೇಕಾಗಿತ್ತು. ಅದನ್ನು ಅವನು ಬೆಳಿಗ್ಗೆಯೇ ಸಿದ್ಧ ಮಾಡಿಕೊಂಡು ಬಂದಿದ್ದ.

“ನಾನೇ,” ಅಂದ.

“ನೀವೇ?”

“ಹಿತ್ತಿಲ ಬಾಯ್ಲರ್ ನೋಡೋಕೆ ಹೋಗಿದ್ದೆ. ಅಲ್ಲಿಂದ ಹಿಂದಿನ ಮೆಟ್ಟಿಲು ಹತ್ತಿ ಮಹಡಿಗೆ ಬಂದೆ, ತಿರುಪಿನ ಡಬ್ಬಿ ಬೇಕಿತ್ತು. ಕೋಣೆ ಕತ್ತಲು. ಯಾವುದೋ ಯೋಚನೇಲಿ ಟೇಪ್ ಕಿತ್ತು ಸ್ವಿಚ್ ಹಾಕ್ಬಿಟ್ಟೆ. ನಾನೇ ಹಾಕಿದ ಟೇಪು, ನಾನೇ ಮರೆತೆ.”

“ಸ್ವಿಚ್ ಹಾಕಿದಿರಿ. ದೀಪ ಹತ್ತಿತಾ?”

“ಹತ್ತಿತು ಮೇಡಂ. ಆ ಬೆಳಕಲ್ಲೇ ಡಬ್ಬಿ ಹುಡುಕಿ ತಗೊಂಡೆ. ಅಷ್ಟರಲ್ಲಿ ಕೆಳಗೆ ಏಣಿ ಬಿದ್ದ ಸದ್ದಾಯ್ತು.”

ಸೂಪರ್‌ವೈಸರ್ ಉಸಿರು ಬಿಟ್ಟ. “ಆಯ್ತಲ್ಲ ಮೇಡಂ, ಅವನೇ ಒಪ್ಕೊಂಡ. ಬರ್ಕೊಳ್ಳಿ.”

ಟೆಸ್ಟರಮ್ಮ ಬರೆದುಕೊಳ್ಳಲಿಲ್ಲ. ಚಾದರ ಮಡಚುವ ಮೇಜಿನ ಹತ್ತಿರ ಹೋಗಿ ಚೀಲದಿಂದ ಒಂದು ಟಾರ್ಚಿನ ಸೆಲ್ಲು, ಪುಟ್ಟ ಬಲ್ಬು, ಎರಡು ತುಂಡು ತಂತಿ ತೆಗೆದರು. ತಂತಿ ಕೂಡಿಸಿದರು, ಬಲ್ಬು ಹತ್ತಿತು. ಬಿಡಿಸಿದರು, ಆರಿತು. ಆಮೇಲೆ ಕರವಸ್ತ್ರವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಹಿಂಡಿ, ಬಿಡಿಸಿದ ಎರಡು ತುದಿಗಳ ನಡುವೆ ಇಟ್ಟರು.

“ಏನಾಯ್ತು ಮೇಸ್ತ್ರಿ?”

“ಹತ್ತಲಿಲ್ಲ.”

“ಕರೆಂಟು ಹರೀತಿದೆಯಾ?”

ಮೇಸ್ತ್ರಿ ಬಲ್ಬಿನ ಕಡೆ ಬಗ್ಗಿದ. ಅವರು ಒಂದು ಸಣ್ಣ ಮೀಟರನ್ನು ನಡುವೆ ಸೇರಿಸಿದರು. ಬಲ್ಬು ಕಪ್ಪಗೇ ಇತ್ತು. ಮೀಟರಿನ ಮುಳ್ಳು ಮಾತ್ರ ಸೊನ್ನೆಯಿಂದ ಮೆಲ್ಲಗೆ ಎದ್ದು, ನಡುಗಿ, ಒಂದು ಕಡೆ ನಿಂತಿತು.

“ಒದ್ದೆ ಬಟ್ಟೆ ದಾರಿ ಕೊಡುತ್ತೆ, ಆದರೆ ಇಕ್ಕಟ್ಟಿನ ದಾರಿ,” ಅಂದರು ಟೆಸ್ಟರಮ್ಮ. “ಸುತ್ತು ಪೂರ್ತಿಯಾಗುತ್ತೆ, ಬಲ್ಬಿಗೆ ಸಾಲೋವಷ್ಟು ಹರಿಯಲ್ಲ. ಮನುಷ್ಯನ ಮೈ ಕೂಡ ಹೀಗೇ. ಸಾಯೋದಕ್ಕೆ ಬಲ್ಬು ಹತ್ತೋವಷ್ಟು ಕರೆಂಟು ಬೇಕಾಗಿಲ್ಲ. ಅವನು ತಂತಿ ಹಿಡಿದಿದ್ದಾಗ ಮೇಲೆ ಸ್ವಿಚ್ ಹಾಕಿದವರು ಯಾರೇ ಆಗಲಿ, ಅವರಿಗೆ ಕಂಡದ್ದು ಕತ್ತಲೆ. ದೀಪ ಹತ್ತಿತು ಅಂತ ಹೇಳೋರು ಸ್ವಿಚ್ ಹಾಕಿದವರಲ್ಲ. ಯಾರನ್ನ ಮುಚ್ಚಿಡೋಕೆ ಹೊರಟಿದ್ದೀರಿ ಮೇಸ್ತ್ರಿ?”

ಮೂವತ್ತು ವರ್ಷ ಕರೆಂಟಿನ ಜೊತೆ ಬದುಕಿದವನು, ಶಾಲೆಯ ಮಕ್ಕಳಿಗೆ ಗೊತ್ತಿರುವ ವಿಷಯದಲ್ಲಿ ಸಿಕ್ಕಿಬಿದ್ದಿದ್ದ. ಬೇರೆ ದಿನವಾಗಿದ್ದರೆ ಅವನೇ ನಗುತ್ತಿದ್ದ.

ಏನಾದರೂ ಹೇಳಬೇಕೆಂದು ತಲೆಯೆತ್ತಿದಾಗ ಅವನಿಗೆ ಪ್ಯಾಸೇಜಿನ ಕೊನೆಯ ಚಾದರದ ಕೆಳಗೆ ಎರಡು ಪಾದ ಕಂಡವು. ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತು, ನೀಲಿ ದಾರದಲ್ಲಿ ಹೊಲಿದಿತ್ತು. ಆ ಹೊಲಿಗೆ ಯಾರದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ಗಂಟೆಗೆ ಹೇಳಿಕೆ ಕೊಡಲು ಬನ್ನಿ ಎಂದು ಟೆಸ್ಟರಮ್ಮನೇ ಅವಳನ್ನು ಕರೆಸಿದ್ದರು. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು.



ಹೆಂಡತಿ ಚಾದರ ಸರಿಸಿ ಒಳಗೆ ಬಂದಳು. ಅಳುತ್ತಿರಲಿಲ್ಲ. ಆರು ದಿನದಲ್ಲಿ ಅಳು ಖರ್ಚಾಗಿಹೋಗಿತ್ತು. ನೇರ ಮೇಜಿನ ಹತ್ತಿರ ಬಂದು, ಹತ್ತದ ಆ ಪುಟ್ಟ ಬಲ್ಬನ್ನೇ ನೋಡುತ್ತ ನಿಂತಳು.

“ಹತ್ತಲಿಲ್ಲ,” ಅಂದಳು.

“ಏನಮ್ಮ?” ಟೆಸ್ಟರಮ್ಮ ಮೆಲ್ಲಗೆ ಕೇಳಿದರು.

“ಅವತ್ತು ಮಹಡಿ ದೀಪ. ಸ್ವಿಚ್ ಹಾಕಿದೆ, ಹತ್ತಲಿಲ್ಲ. ಬಲ್ಬು ಸಡಿಲ ಆಗಿರಬೇಕು, ತಿರುಗಿಸೋಣ ಅಂತ ಸ್ಟೂಲ್ ಹುಡುಕ್ತಿದ್ದೆ. ಸ್ಟೂಲ್ ಗಂಟುಗಳ ಅಡೀಲಿತ್ತು. ಗಂಟು ಎತ್ತಿಡೋಕೆ ಹೊತ್ತಾಯ್ತು.” ಅವಳು ನಿಲ್ಲಿಸಿ ಲೆಕ್ಕ ಹಾಕುವವಳಂತೆ ಬೆರಳು ನೋಡಿಕೊಂಡಳು. “ಸ್ವಿಚ್ ಆರಿಸಿರಲಿಲ್ಲ ಮೇಡಂ. ಹಾಕೇ ಬಿಟ್ಟಿದ್ದೆ. ಅಷ್ಟು ಹೊತ್ತೂ ಹಾಕೇ ಇತ್ತು.”

“ಬೇಡ ಕಣೆ,” ಅಂದ ಮೇಸ್ತ್ರಿ. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಅವಳು ಅವನ ಕಡೆ ತಿರುಗಿದಳು. “ನಿಮಗೆ ಗೊತ್ತಿತ್ತು. ಅವತ್ತಿಂದ ಒಂದೇ ಮನೇಲಿ ಕೂತಿದ್ದೀವಿ, ಒಂದೇ ಚಾಪೆ ಮೇಲೆ ಮಲಗಿದ್ದೀವಿ. ಒಂದು ಮಾತು ಹೇಳಲಿಲ್ಲ. ನನ್ನ ತಮ್ಮನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.”

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ.  ತಲೆ ತಗ್ಗಿಸಿದ.

ಟೆಸ್ಟರಮ್ಮ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. “ಒಂದೇ ಒಂದು ಪ್ರಶ್ನೆಯಮ್ಮ, ಆಮೇಲೆ ಮನೆಗೆ ಹೋಗಿ. ಸ್ವಿಚ್ ಹಾಕುವಾಗ ಅದರ ಮೇಲಿದ್ದ ಟೇಪನ್ನ ಏನು ಮಾಡಿದಿರಿ?”

“ಯಾವ ಟೇಪು?”

“ಕರಿ ಟೇಪು. ಅಡ್ಡ ಒಂದು, ಉದ್ದ ಒಂದು.”

“ನಾನು ಸ್ವಿಚ್ ಹಾಕಿದಾಗ ಅದರ ಮೇಲೆ ಟೇಪ್ ಇರಲಿಲ್ಲ ಮೇಡಂ.”

ಮೇಸ್ತ್ರಿ ತಟ್ಟನೆ ತಲೆಯೆತ್ತಿದ. ತಾನು ಟೇಪು ಹಾಕಿ ಹೋದದ್ದು ಹತ್ತೂಮುಕ್ಕಾಲಿಗೆ. ಅವಳು ಬಂದದ್ದು ಹನ್ನೊಂದಕ್ಕೆ. ನಡುವಿನ ಕಾಲು ಗಂಟೆಯಲ್ಲಿ ಇನ್ನೊಂದು ಕೈ ಆ ಸ್ವಿಚ್ಚಿನ ಹತ್ತಿರ ಹೋಗಿತ್ತು. ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಯಿತು. ಇನ್ನೊಬ್ಬನ ತಪ್ಪು ಸಿಕ್ಕಿತೆಂದು ಹಿಗ್ಗುತ್ತಿದ್ದೇನಲ್ಲ ಎಂದು ಮರುಗಳಿಗೆಯೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅದೇ ಹೊತ್ತಿಗೆ ಸೂಪರ್‌ವೈಸರ್ ಜಾರಿದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡ. ಎತ್ತರದ ಕಿಟಕಿಯಿಂದ ಇಳಿಬಿಸಿಲು ಓರೆಯಾಗಿ ಬಂದು ಅವನ ಕಿವಿಯ ಮೇಲೆ ಬಿದ್ದಿತ್ತು. ಕಿವಿಕಡ್ಡಿಗೆ ಸುತ್ತಿದ್ದ ಕರಿ ಟೇಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ ಸುರುಳಿ ಸುತ್ತಿಕೊಂಡು ಹೋಗಿತ್ತು.

“ಆ ಕನ್ನಡಕ ಸ್ವಲ್ಪ ಕೊಡಿ,” ಅಂದ ಮೇಸ್ತ್ರಿ.

“ಯಾಕಯ್ಯ?”

“ಅದು ನನ್ನ ಟೇಪು.”

“ಊರಲ್ಲಿರೋ ಕರಿ ಟೇಪೆಲ್ಲ ನಿನ್ನದೇನು? ಹೆಸರು ಬರೆದಿದೀಯಾ?”

“ಬರೆದಿದ್ದಾರೆ,” ಅಂದರು ಟೆಸ್ಟರಮ್ಮ. ಅವರ ಕಣ್ಣಿಗೂ ಅದು ಬಿದ್ದಿತ್ತು. “ಅಂಚು ನೋಡಿ, ಹಳದಿ. ನೀವು ಅವತ್ತು ಮಹಡಿಗೆ ಕಾಲೇ ಇಟ್ಟಿಲ್ಲ ಅಂತ ಪೊಲೀಸರ ಮುಂದೆ ಸಹಿ ಹಾಕಿದ್ದೀರಿ ಸೂಪರ್‌ವೈಸರೇ.”

ಸೂಪರ್‌ವೈಸರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕನ್ನಡಕವಿಲ್ಲದ ಅವನ ಮುಖವನ್ನು ಅವರಾರೂ ನೋಡಿರಲಿಲ್ಲ. ಕಣ್ಣುಗಳು ಸಣ್ಣಗೆ, ದಣಿದು ಹೋಗಿದ್ದವು.

“ಹೋಗಿದ್ದೆ,” ಅಂದ. “ಹೆದರಿಕೆಗೆ ಸುಳ್ಳು ಹೇಳಿದೆ. ಟೇಪ್ ಕಿತ್ತಿದ್ದು ನಾನೇ. ಸುಮ್ಮನೆ ಎಸೆಯೋದು ಯಾಕೆ ಅಂತ ಕಡ್ಡಿಗೆ ಸುತ್ಕೊಂಡೆ. ಆದ್ರೆ ಮೇಡಂ, ಕೀಳು ಅಂತ ಹೇಳಿದ್ದು ಸತ್ತವನೇ. ಏಣಿ ಮೇಲಿಂದ ಕರೆದು ಹೇಳಿದ. ‘ನಮ್ಮಕ್ಕ ಈಗ ಹೊಲೀಲಿಕ್ಕೆ ಬರ್ತಾಳೆ, ಭಾವ ಯಾಕೋ ಸ್ವಿಚ್ಚಿಗೆ ಟೇಪ್ ಹಾಕಿದ್ದಾರೆ, ಅವಳು ಕತ್ತಲಲ್ಲಿ ಕೂರೋದು ಬೇಡ, ಕಿತ್ತುಬಿಡಿ ಸಾರ್’ ಅಂದ. ಕಿತ್ತೆ. ನನಗೇನು ಗೊತ್ತು?”

ಬೆಂಚಿನ ಮೇಲೆ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು.

ಭಾಮೈದ ಹಾಗೆ ಹೇಳುವವನೇ. ಅಕ್ಕನೆಂದರೆ ಪ್ರಾಣ ಬಿಡುತ್ತಿದ್ದ. ಒಂದು ಕ್ಷಣ ಮೇಸ್ತ್ರಿಗೆ ಅವನ ದನಿಯೇ ಕಿವಿಯಲ್ಲಿ ಕೇಳಿದಂತಾಯಿತು. ಇದನ್ನು ನಂಬಿಬಿಟ್ಟರೆ ಎಲ್ಲರಿಗೂ ಸುಲಭ. ಅವನೇ ಹೇಳಿದ, ಇವನು ಕಿತ್ತ, ಅವಳು ಒತ್ತಿದಳು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಆಯಿತು, ಮುಗಿಯಿತು.

ಆದರೆ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ಹೇಳಬೇಕಾದರೆ, ‘ತಮ್ಮನಿಗೂ ಹೇಳಲಿಲ್ಲ’ ಎಂದು ಹೆಂಡತಿ ಈಗ ತಾನೆ ಹೇಳಿದ್ದನ್ನು ಅವಳ ಎದುರಿಗೇ ಇನ್ನೊಮ್ಮೆ ತನ್ನ ಬಾಯಿಂದ ಹೇಳಬೇಕಿತ್ತು.

“ಇಲ್ಲ ಮೇಡಂ,” ಅಂದ. “ಅವನು ಹೇಳಿರೋಕೆ ಸಾಧ್ಯವಿಲ್ಲ. ನಾನು ಟೇಪ್ ಹಾಕಿದಾಗ ಅವನು ಏಣಿ ಮೇಲಿದ್ದ. ಆಮೇಲೆ ಅವನು ಏಣಿ ಬಿಟ್ಟು ಇಳೀಲೇ ಇಲ್ಲ. ಸ್ವಿಚ್ಚಿನ ಮೇಲೆ ಟೇಪ್ ಇದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿರಲಿಲ್ಲ.”

“ಅಂದ್ರೆ,” ಟೆಸ್ಟರಮ್ಮ ಸೂಪರ್‌ವೈಸರನ ಕಡೆ ತಿರುಗಿದರು, “ಕೀಳು ಅಂತ ಹೇಳಿದವರು ಬೇರೆ ಯಾರೋ.”

ಸೂಪರ್‌ವೈಸರ್ ಕನ್ನಡಕವನ್ನು ಮಡಚಿ ಜೇಬಿಗಿಟ್ಟುಕೊಂಡ. ಮೇಸ್ತ್ರಿಯನ್ನು ನೋಡಲಿಲ್ಲ, ಟೆಸ್ಟರಮ್ಮನನ್ನೂ ನೋಡಲಿಲ್ಲ. ಬೆಂಚಿನ ಕಡೆ ತಿರುಗಿ, ತುಂಬ ಮೆತ್ತಗೆ ಕೇಳಿದ.

“ಹೇಳಿಬಿಡ್ಲಾ ಅಕ್ಕ?”

ಬಾಯಿಗೆ ಅಡ್ಡ ಹಿಡಿದ ಕೈಯನ್ನು ಅವಳು ಕೆಳಗಿಳಿಸಿದಳು. ಮೇಸ್ತ್ರಿ ಅವಳ ಕಣ್ಣಿಗಾಗಿ ಕಾದ. ‘ಯಾವ ಟೇಪು?’ ಎಂದು ಈಗಷ್ಟೇ ಕೇಳಿದ್ದ ಅವಳು ಗಂಡನ ಮುಖ ನೋಡಲಿಲ್ಲ.